ಟೀಚರಮ್ಮ ನೀರು ಕುಡಿಯುತ್ತಿರಲಿಲ್ಲ

(ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.)

ನಾನು ಆಪ್ತಸಲಹೆಗಾರ್ತಿ. ವೃದ್ಧಾಶ್ರಮದಲ್ಲಿರುವ ಒಬ್ಬ ಅಮ್ಮನ ಮಗಳು ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟು: "ಅಮ್ಮ ಊಟ ಬಿಟ್ಟಿದ್ದಾರೆ ಮೇಡಂ. ಯಾರ ಹತ್ರಾನೂ ಮಾತಾಡಲ್ಲ. ನಾಲ್ಕು ದಿನದಿಂದ ರಾತ್ರಿ ಏನೇನೋ ಬಡಬಡಿಸ್ತಾರಂತೆ. ಡಿಪ್ರೆಶನ್ ಇರ್ಬೇಕು, ಒಂದ್ಸಲ ಬಂದು ನೋಡ್ತೀರಾ?"

ಅಮ್ಮನಿಗೆ 74 ವರ್ಷ. ತಿಪಟೂರು ಕಡೆಯವರು. ಸುಮಾರು ಮೂವತ್ತು ವರ್ಷ ಅಂಗನವಾಡಿಯಲ್ಲಿ ಟೀಚರಾಗಿದ್ದವರು. ಹೋದ ವರ್ಷ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಮಗಳು ಒಬ್ಬರೇ. ದಿನಾ ಬೆಳಗಿನ ರೈಲಿಗೆ ತುಮಕೂರಿನಿಂದ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುವವರು. ಅದಕ್ಕೇ ಅಮ್ಮನನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸೇರಿಸಿದ್ದರು.

ನಾನು ಹೋದಾಗ ಅಮ್ಮ ಮಂಚದ ಮೇಲೆ ಕೂತಿದ್ದರು. ಮೈಮೇಲೆ ಒಂದು ಹಳೇ ನೈಟಿ. ಕುತ್ತಿಗೆಯ ಹತ್ತಿರ ಮಾರ್ಕರ್‌ನಲ್ಲಿ 7 ಅಂತ ಬರೆದಿತ್ತು. ಅವರ ರೂಮು 4. ಬಲಗೈ ಪದೇ ಪದೇ ಎಡ ಭುಜಕ್ಕೆ ಹೋಗುತ್ತಿತ್ತು. ಏನೋ ಹುಡುಕುತ್ತಿದ್ದಾರೆ ಅನ್ನಿಸಿತು. ಸೆರಗು ಅಂತ ನನಗೆ ಹೊಳೆಯಲು ಹತ್ತು ನಿಮಿಷ ಬೇಕಾಯಿತು.

ನಾನು ಏನು ಕೇಳಿದರೂ ಮಗಳೇ ಉತ್ತರ ಕೊಡುತ್ತಿದ್ದರು. ನಿದ್ದೆ ಬರುತ್ತಾ? "ಬರಲ್ಲ ಮೇಡಂ." ಹಸಿವು? "ಇಲ್ವೇ ಇಲ್ಲ." ಸ್ವಲ್ಪ ಹೊರಗೆ ಕೂತಿರಿ ಅಂತ ಮಗಳನ್ನು ಕಳಿಸಿದೆ. ತುಂಬಾ ಹೊತ್ತು ಇಬ್ಬರೂ ಸುಮ್ನೆ ಕೂತಿದ್ದೆವು. ಆಮೇಲೆ ಅವರೇ ಶುರು ಮಾಡಿದರು.

"ಒಂದಕ್ಕೆ ಹೋಗ್ಬೇಕು ಅಂದ್ರೆ, ಡೈಪರ್ ಇದೆಯಲ್ಲಾ ಅದ್ರಲ್ಲೇ ಹೋಗು ಅಂತಾರೆ ಕಣಮ್ಮಾ. ನಂಗೆ ನಡೆಯೋಕೆ ಆಗುತ್ತೆ. ವಾಕರ್ ಇದೆ. ಅದಕ್ಕೇ ನೀರೇ ಕುಡಿಯಲ್ಲ ನಾನು."

ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದರು. "ಎಷ್ಟೋ ಮಕ್ಕಳಿಗೆ ಚಡ್ಡಿ ಬದಲಾಯ್ಸಿದೀನಿ. ಎರಡು ವರ್ಷದ ಮಗೂನೂ ಬಾಗಿಲ ಹಿಂದಕ್ಕೆ ಕರ್ಕೊಂಡು ಹೋಗಿ ಬದಲಾಯಿಸ್ತಿದ್ದೆ. ಇಲ್ಲಿ ಸ್ನಾನ ಮಾಡಿಸುವಾಗ ಬಾಗಿಲೇ ಹಾಕಲ್ಲ."

ನೀರು ಕುಡಿಯುತ್ತಿಲ್ಲ, ರಾತ್ರಿ ಬಡಬಡಿಸುತ್ತಾರೆ ಅಂದ ತಕ್ಷಣ ನನ್ನ ಮೊದಲ ಸಲಹೆ ಆಪ್ತಸಲಹೆಯದ್ದೇ ಅಲ್ಲ: ಇವತ್ತೇ ಡಾಕ್ಟರಿಗೆ ತೋರಿಸಿ, ಯೂರಿನ್ ಟೆಸ್ಟ್ ಮಾಡಿಸಿ. ಸೋಂಕು ಇತ್ತು. ಔಷಧಿ ಮುಗಿಯುವಷ್ಟರಲ್ಲಿ ಬಡಬಡಿಕೆ ನಿಂತಿತು. ಆಶ್ರಮದವರು ಅದನ್ನು ಅರಳುಮರಳು ಅಂದುಕೊಂಡಿದ್ದರು. ಅರಳುಮರಳು ಸಾಮಾನ್ಯವಾಗಿ ನಾಲ್ಕು ದಿನದಲ್ಲಿ ಬರುವುದಿಲ್ಲ. ವಯಸ್ಸಾದವರು ದಿಢೀರನೆ ಹೀಗೆ ಮಾತಾಡತೊಡಗಿದರೆ ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ಹೊಸ ಮಾತ್ರೆ, ಇವುಗಳಲ್ಲಿ ಯಾವುದೋ ಒಂದು ಇರಬಹುದು. ಮೊದಲು ಅದನ್ನು ನೋಡಬೇಕು.

ಉಳಿದದ್ದು ಸುಲಭ ಇರಲಿಲ್ಲ. ಮಗಳಿಗೆ ಸಿಟ್ಟು ಬಂದಿತ್ತು, ಹೆದರಿಕೆಯೂ ಇತ್ತು. "ನಾನು ಜಗಳ ಆಡಿ ಹೋದ್ರೆ ಆಮೇಲೆ ಅಮ್ಮನ ಮೇಲೆ ತೀರಿಸ್ಕೊಳ್ತಾರೆ." ಇದು ಸುಳ್ಳು ಭಯ ಅಂತ ನಾನು ಹೇಳಲಿಲ್ಲ. ಆದರೆ ಆಯಾಗಳ ಜೊತೆ ಕೂತು ಮಾತಾಡಿದಾಗ ಇನ್ನೊಂದು ಮುಖ ಕಂಡಿತು. ರಾತ್ರಿ ಇಪ್ಪತ್ತೆರಡು ಜನಕ್ಕೆ ಇಬ್ಬರೇ. ಇವರು ವಾಕರ್ ಹಿಡಿದು ಹೋಗುವಾಗ ಬಿದ್ದರೆ ಬೈಗುಳ ಅವರಿಗೇ. ಡೈಪರ್ ಅವರಿಗೊಂದು ಧೈರ್ಯ. ಇಂಥಲ್ಲಿ ಆಯಾಗಳನ್ನು ಬೈದು ಉಪಯೋಗವಿಲ್ಲ. ಜನ ಸಾಲದಿದ್ದರೆ ಅದು ನಡೆಸುವವರ ಲೆಕ್ಕ, ಅವರನ್ನೇ ಕೇಳಬೇಕು.

ಮ್ಯಾನೇಜರ್ ಎದುರು ಮಗಳು, ಆಯಾಗಳು, ನಾನು ಕೂತೆವು. ಅಮ್ಮನೂ ಇರಲೇಬೇಕು ಅಂತ ನಾನು ಹಟ ಹಿಡಿದೆ. ಹಗಲು ಡೈಪರ್ ಬೇಡ ಅಂತ ಆಯಿತು. ಎದ್ದ ಕೂಡಲೇ, ತಿಂಡಿ-ಊಟ ಆದ ಮೇಲೆ, ಮಲಗುವ ಮುಂಚೆ, ನಡುವೆಯೂ ಎರಡು ಗಂಟೆಗೊಮ್ಮೆ ಅವರಾಗಿ ಕೇಳುವ ಮುಂಚೆಯೇ ಕರೆದುಕೊಂಡು ಹೋಗುವುದು. ಹೀಗೆ ಹೊತ್ತಿಗೆ ಸರಿಯಾಗಿ ಹೋದರೆ ಅವಸರ ಕಡಿಮೆ, ಬೀಳುವುದೂ ಕಡಿಮೆ. ನೀರು ಹಗಲಲ್ಲೇ ಜಾಸ್ತಿ ಕುಡಿಯುವುದು, ಸಂಜೆ ಏಳರ ಮೇಲೆ ಕಮ್ಮಿ. ಮಂಚದ ಪಕ್ಕ ಕಮೋಡ್ ಚೇರ್ ಮಗಳು ತಂದುಕೊಡುತ್ತಾರೆ. ರಾತ್ರಿಗೆ ಮಾತ್ರ ಡೈಪರ್. ಅದಕ್ಕೆ ಅಮ್ಮನದೇ ಒಂದು ಷರತ್ತು: "ಹಾಕ್ಕೊಳ್ಳೋದು ನಾನೇ."

ಸ್ನಾನಕ್ಕೆ ಒಬ್ಬೊಬ್ಬರನ್ನೇ ಕರೆಯಿರಿ, ಬಾಗಿಲು ಹಾಕಿ, ತೊಳೆಯುವ ಭಾಗ ಬಿಟ್ಟು ಉಳಿದದ್ದಕ್ಕೆ ಟವೆಲ್ ಹೊದಿಸಿ, ಮುಖ ಮತ್ತು ಮುಂಭಾಗ ಅವರೇ ತೊಳೆದುಕೊಳ್ಳಲಿ ಅಂದೆ. ಇದಕ್ಕೆ ಹೆಚ್ಚು ಜನ ಬೇಡ, ಒಂದು ಟವೆಲ್ ಸಾಕು. ಸೀರೆ ಉಡಿಸಲು ಆಗಲ್ಲ ಅಂದರು, ಒಪ್ಪಿದೆ. ಅವರದೇ ನೈಟಿ, ಅದರ ಮೇಲೆ ಸೆರಗಿನ ಹಾಗೆ ಒಂದು ಹತ್ತಿ ಟವೆಲ್. ನಮ್ಮ ಬೀದಿಗಳಲ್ಲಿ ಹಾಲಿಗೆ ಹೋಗುವ ಹೆಂಗಸರೆಲ್ಲ ಹಾಗೇ ಹೋಗುತ್ತಾರಲ್ವಾ!

ಕರೆಯುವ ಬಗ್ಗೆಯೂ ಮಾತು ಬಂತು. ಊರಲ್ಲಿ ಎಲ್ಲರೂ ಅವರನ್ನು ಟೀಚರಮ್ಮ ಅನ್ನುತ್ತಿದ್ದರಂತೆ. ಇಲ್ಲಿ "ಏಯ್ ಅಜ್ಜಿ, ಬಾ." ಕಿರಿಯ ಆಯಾ ತಾನಾಗೇ ಹೇಳಿದಳು, "ನಮ್ಮೂರಲ್ಲೂ ಅಂಗನವಾಡಿ ಟೀಚರ್‌ನ ಹಂಗೇ ಕರೀತೀವಿ."

ಮಗಳು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಕೇಸು ಹಾಕಬಹುದಾ ಅಂತ ಕೇಳಿದ್ದರು. ಆ ನ್ಯಾಯಮಂಡಳಿಗೆ ಮುಖ್ಯವಾಗಿ ಬರುವುದು ಮಕ್ಕಳಿಂದ ಜೀವನಾಂಶ, ಬರೆದುಕೊಟ್ಟ ಆಸ್ತಿ ವಾಪಸ್, ಇಂಥವು. ಆಶ್ರಮದ ವಿಷಯಕ್ಕೆ ಮೊದಲು ಬರವಣಿಗೆಯಲ್ಲಿ ಮ್ಯಾನೇಜರಿಗೆ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಆಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ದಾರಿ ಕೇಳಿ ಅಂದೆ.

ಮೂರು ವಾರ ಆಗಿದೆ. ಟವೆಲ್ ಭುಜದ ಮೇಲಿದೆ. ನೀರು ಕುಡಿಯುತ್ತಿದ್ದಾರೆ. ಕರೆಂಟ್ ಹೋಗಿ ಬಿಸಿನೀರು ಸಾಲದ ದಿನ ಈಗಲೂ ಇಬ್ಬರಿಗೆ ಒಟ್ಟಿಗೇ ಸ್ನಾನ. ಅದನ್ನು ಮುಂದಿನ ಭೇಟಿಗೆ ಬರೆದುಕೊಂಡಿದ್ದೇನೆ. ಮಗಳಿಗೂ ಒಂದು ಕೆಲಸ ಕೊಟ್ಟಿದ್ದೇನೆ: ಭಾನುವಾರ ಬಂದಾಗ "ಅಮ್ಮ ಊಟ ಮಾಡಿದ್ರಾ?" ಅಂತ ಆಯಾನ ಕೇಳಬೇಡಿ, ಅಮ್ಮನನ್ನೇ ಕೇಳಿ. ಉತ್ತರ ಬರುವವರೆಗೂ ಕಾಯಿರಿ.