ಹನ್ನೆರಡು ಗಿಟಾರ್‌ಗಳು, ಆಮೇಲೆ ಒಂದೇ ಒಂದು

ಪ್ರಶ್ನೆ: ಮೊದಲ ಬಾರಿಗೆ ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್ ಕಛೇರಿಯೊಂದನ್ನು ಕೇಳಿದೆ. ಪೂರ್ವಾರ್ಧದಲ್ಲಿ ಹನ್ನೆರಡು ಮಂದಿ ಒಟ್ಟಾಗಿ ನುಡಿಸಿದರು, ಉತ್ತರಾರ್ಧದಲ್ಲಿ ಒಬ್ಬರೇ. ಎಲ್ಲರದ್ದೂ ಒಂದೇ ವಾದ್ಯವಾಗಿರುವಾಗ ಅಷ್ಟು ಜನ ಏಕೆ? ಒಬ್ಬರೇ ನುಡಿಸಿದಾಗ ಇಬ್ಬರು ನುಡಿಸುತ್ತಿರುವಂತೆ ಕೇಳಿಸಿದ್ದು ನನ್ನ ಭ್ರಮೆಯೇ?

ಉತ್ತರ: ಖಂಡಿತ ಭ್ರಮೆಯಲ್ಲ. ವಾದಕರ ಬಲಗೈ ಹೆಬ್ಬೆರಳು ಸಾಮಾನ್ಯವಾಗಿ ಕೆಳಸ್ಥಾಯಿಯ ಮೂರು ತಂತಿಗಳನ್ನು ನೋಡಿಕೊಳ್ಳುತ್ತದೆ. ತೋರು, ನಡು ಮತ್ತು ಉಂಗುರ ಬೆರಳುಗಳು ಮೇಲುಸ್ಥಾಯಿಯ ತಂತಿಗಳನ್ನು ಮೀಟುತ್ತವೆ. ಹೀಗಾಗಿ ಒಂದೇ ಕೈಯಿಂದ ಎರಡು, ಕೆಲವೊಮ್ಮೆ ಮೂರು ಸ್ವರಧಾರೆಗಳು ಬೇರೆ ಬೇರೆ ನಡೆಯಲ್ಲಿ ಹೊರಡುವುದು ಸಾಧ್ಯವಾಗುತ್ತದೆ.

ಆದರೆ ಈ ವಾದ್ಯಕ್ಕೆ ಒಂದು ಹುಟ್ಟು ಮಿತಿಯಿದೆ. ಪಿಟೀಲಿನ ಕಮಾನು ಅಥವಾ ಕೊಳಲಿನ ಉಸಿರು ಸ್ವರವನ್ನು ಬೇಕಾದಷ್ಟು ಹೊತ್ತು ಹಿಡಿದು ನಿಲ್ಲಿಸಬಲ್ಲದು. ಗಿಟಾರಿನ ಸ್ವರವಾದರೋ ಮೀಟಿದ ಮರುಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಈ ವಾದ್ಯಕ್ಕಾಗಿ ಬರೆದವರ ಜಾಣ್ಮೆಯ ಬಹುಪಾಲು ಈ ಮಿತಿಯೊಂದಿಗಿನ ಒಡನಾಟದಿಂದಲೇ ಹುಟ್ಟಿದೆ ಎಂಬುದು ನನ್ನ ನಂಬಿಕೆ. ಸ್ಪೇನಿನ ಫ್ರಾನ್ಸಿಸ್ಕೋ ಟಾರೆಗಾ (1852–1909) ಅವರು ಆಲ್‌ಹಂಬ್ರಾ ಅರಮನೆಯ ನೆನಪಿಗೆ ರಚಿಸಿದ ಪ್ರಸಿದ್ಧ ಕೃತಿಯಲ್ಲಿ ಹೆಬ್ಬೆರಳು ಒಂದು ಮಂದ್ರ ಸ್ವರವನ್ನು ಮೀಟಿದೊಡನೆ ಉಳಿದ ಮೂರು ಬೆರಳುಗಳು ಒಂದೇ ತಂತಿಯನ್ನು ಒಂದರ ಹಿಂದೊಂದು ತ್ವರಿತವಾಗಿ ಮೀಟುತ್ತವೆ. ಟ್ರೆಮೊಲೊ ಎಂದು ಕರೆಯುವ ಈ ತಂತ್ರದಲ್ಲಿ ಬಿಡಿ ಬಿಡಿ ಮೀಟುಗಳೆಲ್ಲ ಕೂಡಿಕೊಂಡು, ಕೇಳುವ ಕಿವಿಗೆ ಕಡಿಯದೆ ಹರಿಯುವ ಒಂದೇ ಎಳೆಯಾಗುತ್ತವೆ. ನಿಮಗೆ ಇಬ್ಬರು ಕೇಳಿಸಿದ್ದು ಇಂಥದೇ ಯಾವುದೋ ರಚನೆಯಲ್ಲಿರಬೇಕು.

ಇನ್ನು ವೃಂದವಾದನದ ವಿಚಾರ. ಅಷ್ಟು ಜನ ಸೇರುವುದು ಸದ್ದು ಹೆಚ್ಚಿಸುವುದಕ್ಕಾಗಿ ಎಂದು ಅನೇಕರು ಭಾವಿಸುತ್ತಾರೆ, ಆದರೆ ಆ ಲೆಕ್ಕದಲ್ಲಿ ಸಿಗುವ ಲಾಭ ಅಲ್ಪ: ಹತ್ತು ಸಮಾನ ಗಿಟಾರ್‌ಗಳು ಒಟ್ಟಿಗೆ ನುಡಿದರೆ ಶಬ್ದಮಟ್ಟ ಏರುವುದು ಸುಮಾರು 10 ಡೆಸಿಬೆಲ್ ಮಾತ್ರ, ಅದು ನಮ್ಮ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರೆನಿಸುತ್ತದೆಯೇ ಹೊರತು ಹತ್ತು ಪಟ್ಟಲ್ಲ. ನಿಜವಾದ ಲಾಭ ಕೆಲಸದ ಹಂಚಿಕೆಯಲ್ಲಿದೆ. ವಾದಕರು ಮೂರು, ನಾಲ್ಕು ಅಥವಾ ಇನ್ನೂ ಹೆಚ್ಚು ಗುಂಪುಗಳಾಗಿ ಬೇರೆ ಬೇರೆ ಸ್ವರಪಂಕ್ತಿಗಳನ್ನು ನುಡಿಸುತ್ತಾರೆ. ಕೆಲವು ವೃಂದಗಳಲ್ಲಿ ಹೆಚ್ಚಿನ ಶ್ರುತಿಯ ಪುಟ್ಟ ಗಿಟಾರ್‌ಗಳೂ ಮಂದ್ರಸ್ಥಾಯಿಯ ದೊಡ್ಡ ಗಿಟಾರ್‌ಗಳೂ ಇರುತ್ತವೆ. ಒಬ್ಬರ ಎಡಗೈ ಬೆರಳುಗಳಿಗೆ ಎಟುಕದ ಸ್ವರಮೇಳಗಳು ಆಗ ಸುಲಭವಾಗಿ ಒದಗುತ್ತವೆ.

ಇದರಲ್ಲಿ ಕಷ್ಟವೂ ಇದೆ. ಕಮಾನಿನ ಸ್ವರ ಮೆಲ್ಲಗೆ ಮೂಡಬಹುದಾದ್ದರಿಂದ ಪಿಟೀಲು ವೃಂದದಲ್ಲಿ ಸಣ್ಣ ಹಿಂಚುಮುಂಚು ಮುಚ್ಚಿಹೋಗುತ್ತದೆ. ಮೀಟಿನ ಸ್ವರ ಸೂಜಿಮೊನೆಯಂತೆ ಶುರುವಾಗುವುದರಿಂದ, ಇಬ್ಬರ ನಡುವೆ ಕ್ಷಣದ ಸಣ್ಣ ತುಣುಕಿನಷ್ಟು ಅಂತರವಿದ್ದರೂ ಅದು ಬಯಲಾಗುತ್ತದೆ. ಆದ್ದರಿಂದಲೇ ಅವರು ಅರ್ಧವೃತ್ತದಲ್ಲಿ ಕುಳಿತು, ಪರಸ್ಪರರ ಕೈಗಳನ್ನು ಗಮನಿಸುತ್ತ, ಒಟ್ಟಿಗೆ ಉಸಿರೆಳೆದು ಆರಂಭಿಸುತ್ತಾರೆ. ಕ್ಯೂಬಾದ ಲಿಯೋ ಬ್ರೌವರ್ ಅವರು 1984ರಲ್ಲಿ ರಚಿಸಿದ, ಮಳೆಯ ದೃಶ್ಯವನ್ನು ಕಟ್ಟಿಕೊಡುವ ಗಿಟಾರ್ ವೃಂದದ ಕೃತಿಯೊಂದರಲ್ಲಿ ಈ ತೊಡಕೇ ಸೊಗಸಾಗಿ ಮಾರ್ಪಟ್ಟಿದೆ: ಅಲ್ಲೊಂದು ಇಲ್ಲೊಂದು ಬೀಳುವ ಬಿಡಿ ಸ್ವರಗಳು ಹನಿಗಳಂತೆ ದಟ್ಟವಾಗುತ್ತ ಸುರಿಮಳೆಯಾಗುತ್ತವೆ.

ನನ್ನ ಮಟ್ಟಿಗೆ ಕಾರ್ಯಕ್ರಮದ ಕ್ರಮ ತಿರುವುಮುರುವಾಗಿದ್ದರೆ ಚೆನ್ನಿತ್ತು. ವೃಂದದ ತುಂಬುನಾದಕ್ಕೆ ಒಗ್ಗಿದ ಕಿವಿಗೆ ಒಂಟಿ ಗಿಟಾರಿನ ಮೆಲುದನಿ ಮೊದಲ ಕೆಲವು ನಿಮಿಷ ಬಡವಾಗಿ ಕೇಳಿಸುತ್ತದೆ, ಅದು ವಾದಕರಿಗೆ ಅನ್ಯಾಯ.

ಪ್ರಶ್ನೆ: ಪ್ರತಿ ಕೃತಿಗೂ ಮುನ್ನ ಮತ್ತೆ ಮತ್ತೆ ಶ್ರುತಿ ಮಾಡುತ್ತಿದ್ದರು. ಮೊದಲೇ ಮಾಡಿಕೊಂಡು ಬರಬಾರದೇ?

ಉತ್ತರ: ಮಾಡಿಕೊಂಡೇ ಬಂದಿರುತ್ತಾರೆ. ಎರಡನೆಯ ಮಹಾಯುದ್ಧದ ಕಾಲದವರೆಗೂ ಈ ಗಿಟಾರಿಗೆ ಪ್ರಾಣಿಗಳ ಕರುಳಿನ ತಂತಿಗಳನ್ನು ಬಿಗಿಯುತ್ತಿದ್ದರು. 1940ರ ದಶಕದಲ್ಲಿ ನೈಲಾನ್ ಆ ಜಾಗಕ್ಕೆ ಬಂದಿತು. ನೈಲಾನ್ ಹೆಚ್ಚು ಬಾಳುತ್ತದೆ ನಿಜ, ಆದರೂ ವೇದಿಕೆಯ ದೀಪಗಳ ಬಿಸಿಗೆ ಅದರ ಶ್ರುತಿ ಕದಲುತ್ತದೆ, ಹೊಸ ತಂತಿಯಂತೂ ಹಲವು ದಿನ ಹಿಗ್ಗುತ್ತಲೇ ಇರುತ್ತದೆ. ಇನ್ನೊಂದು ಕಾರಣವೂ ಇದೆ. ಅನೇಕ ಕೃತಿಗಳಿಗೆ ಆರನೆಯ, ಅಂದರೆ ಅತ್ಯಂತ ಕೆಳಸ್ಥಾಯಿಯ ತಂತಿಯನ್ನು ‘ಇ’ (E) ಸ್ವರದಿಂದ ‘ಡಿ’ (D) ಸ್ವರಕ್ಕೆ ಇಳಿಸಬೇಕಾಗುತ್ತದೆ, ಮುಂದಿನ ಕೃತಿಗೆ ಮತ್ತೆ ಏರಿಸಬೇಕಾಗುತ್ತದೆ. ಎಳೆತ ಬದಲಾದ ತಂತಿ ಒಮ್ಮೆಗೇ ನೆಲೆ ನಿಲ್ಲುವುದಿಲ್ಲ.

ಪ್ರಶ್ನೆ: ಚಪ್ಪಾಳೆ ಯಾವಾಗ ತಟ್ಟಬೇಕು?

ಉತ್ತರ: ಒಂದು ಕೃತಿಯಲ್ಲಿ ಹಲವು ಭಾಗಗಳಿದ್ದರೆ ಅವೆಲ್ಲ ಮುಗಿಯುವವರೆಗೆ ಕಾಯುವುದು ರೂಢಿ. ಕೊನೆಯ ಸ್ವರವನ್ನು ಮೀಟಿದಾಗಲೂ ದಯವಿಟ್ಟು ಅವಸರಪಡಬೇಡಿ. ಎಡಗೈ ಇನ್ನೂ ತಂತಿಯನ್ನು ಒತ್ತಿ ಹಿಡಿದಿದ್ದರೆ ಆ ಸ್ವರ ಇನ್ನೂ ಬದುಕಿದೆ ಎಂದರ್ಥ. ಎರಡು ಕೈಗಳೂ ವಾದ್ಯದಿಂದ ಸರಿದ ಮೇಲೆ ತಟ್ಟಿ.