ಪ್ರತಿಕ್ರಿಯೆ: ಫ್ಲಶ್ ಸೋರಿಕೆಗೆ ಇಡೀ ಟ್ಯಾಂಕ್ ಬದಲಿಸಬೇಕಾ?

ಬೇಡ, ಈಗಲೇ ದುಡ್ಡು ಸುರೀಬೇಡಿ. ಫ್ಲಶ್ ಮಾಡಿದ ಮೇಲೂ ಕಮೋಡಿಗೆ ಸಣ್ಣಗೆ ನೀರು ಇಳೀತಾನೇ ಇದೆ, ಪ್ಲಂಬರ್ ಹೊಸ ಟ್ಯಾಂಕೇ ಹಾಕಿಸಿ ಅಂದ್ರು ಅಂತ ಬರೆದಿದ್ದೀರಿ. ಟ್ಯಾಂಕ್ ಬಿರುಕು ಬಿಟ್ಟಿಲ್ಲ ಅಂದ್ರೆ ತೊಂದರೆ ಸಾಮಾನ್ಯವಾಗಿ ಒಳಗಿನ ವಾಷರ್‌ನಲ್ಲೋ ಫ್ಲೋಟ್ ವಾಲ್ವ್‌ನಲ್ಲೋ (ಟ್ಯಾಂಕ್ ತುಂಬಿದಾಗ ತೇಲೋ ಬುರುಡೆ ಏರಿ ನೀರು ನಿಲ್ಲಿಸೋ ವಾಲ್ವ್) ಇರುತ್ತೆ.

ಮುಚ್ಚಳ ತೆಗೆದು ನೋಡಿ. ನೀರು ಓವರ್‌ಫ್ಲೋ ಕೊಳವೆಯ ಬಾಯಿವರೆಗೂ ಏರಿ ಒಳಗೆ ಬೀಳ್ತಿದ್ರೆ ಫ್ಲೋಟನ್ನು ಕೆಳಗಿಳಿಸಿ. ಬಾಯಿಗಿಂತ ಒಂದು ಇಂಚು ಕೆಳಗೆ ನಿಂತರೆ ಸಾಕು. ಮಟ್ಟ ಸರಿಯಿದ್ದೂ ಸೋರಿದ್ರೆ ಟ್ಯಾಂಕಿಗೆ ಚಿಟಿಕೆ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡ್ರೆ ಅಡಿಯ ರಬ್ಬರ್ ವಾಷರ್ ಸರಿಯಾಗಿ ಕೂರ್ತಿಲ್ಲ ಅಂತ ಅರ್ಥ.

ನಮ್ಮ ಕೋಲಾರದ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸೋ ಪಾತ್ರೆಗೆ ಕಟ್ಟೋ ಬಿಳಿ ಪೊರೆನೇ ವಾಷರ್ ಅಂಚಿಗೂ ಕಟ್ಟುತ್ತೆ. ಉಗುರಲ್ಲಿ ಕೆರೆದ್ರೆ ಪುಡಿಯಾಗಿ ಉದುರುತ್ತೆ. ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡೋ ಗೋಡೆಯ ಸಣ್ಣ ನಲ್ಲಿ) ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಆ ವಾಷರ್ ಇರೋ ಅಡಿಯ ವಾಲ್ವ್ ಬಿಚ್ಚಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಹರಳು) ಕರಗಿಸಿದ ಬೆಚ್ಚನೆ ನೀರಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ವಾಷರ್ ಬಿರುಸಾಗಿದ್ರೆ ಅದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು, ಅದೇ ಅಳತೆಯದ್ದು ತನ್ನಿ.

ದಯವಿಟ್ಟು ಟ್ಯಾಂಕಿಗೆ ಬಾತ್‌ರೂಮ್ ತೊಳೆಯೋ ಆಸಿಡ್ ಮಾತ್ರ ಹಾಕಬೇಡಿ. ಒಳಗಿನ ರಬ್ಬರ್, ಲೋಹದ ಭಾಗ ಹಾಳಾಗುತ್ತೆ. ಅದು ಬ್ಲೀಚಿಂಗ್ ಪೌಡರ್ ಜೊತೆ ಸೇರಿದ್ರಂತೂ ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಪ್ರಾಣಕ್ಕೇ ಅಪಾಯ.

ಆಂಗಲ್ ಕಾಕ್ ಬಿಗಿದು ಕೂತಿದ್ರೆ ಬಲವಂತ ಬೇಡ. ಮಹಡಿ ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿ, ಅದೊಂದು ಕೆಲಸಕ್ಕೆ ಪ್ಲಂಬರ್ ಕರೆಸಿ.