ಸ್ಕಾಟ್ಲೆಂಡಿನ ಹಲವು ಬರ್ನೆಟ್ ಪತಂಗಗಳು ಕಡಲಂಚಿನ ಹುಲ್ಲಿನ ಇಳಿಜಾರುಗಳಿಗೇ ಏಕೆ ಅಂಟಿಕೊಂಡಿವೆ?
ಮುಖ್ಯ ಕಾರಣ ಬಿಸಿಲು. ಜೈಗೀನಾ ಕುಲದ ಈ ಪತಂಗಗಳು ಹಗಲಿನಲ್ಲಿ ಹಾರುತ್ತವೆ. ಮಿರುಗುವ ಕಪ್ಪು ರೆಕ್ಕೆ, ಅದರ ಮೇಲೆ ಕೆಂಪು ಬೊಟ್ಟು. ಮೈಯಲ್ಲಿ ಸಯನೈಡ್ ವಿಷ ಇರುವುದರಿಂದ ಹಕ್ಕಿಗಳಿಗೆ ಹೆದರಿ ಅಡಗುವ ಗೋಜು ಅಷ್ಟಾಗಿ ಇಲ್ಲ. ಆದರೆ ಚಳಿ ನಾಡಿನಲ್ಲಿ ಕಂಬಳಿಹುಳು ಬೆಳೆಯಲು ಶಾಖ ಬೇಕು. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು ಬೇಗ ಕಾಯುತ್ತದೆ. ತೆಳು ಮಣ್ಣು, ಉಪ್ಪುಗಾಳಿ, ಆಗಾಗ ಆಗುವ ಕುಸಿತ ಇವೆಲ್ಲ ಪೊದೆಗಳನ್ನು ತಡೆದು, ಹುಳುಗಳ ಆಹಾರವಾದ ಹುರುಳಿ ಕುಟುಂಬದ ಪುಟ್ಟ ಹಳದಿ ಹೂಗಿಡಗಳಿಗೆ ಜಾಗ ಬಿಡುತ್ತವೆ. ಈ ಇಳಿಜಾರುಗಳ ಒಂದು ಪ್ರಭೇದ ಮಾತ್ರ ಕಾಡು ಥೈಮ್ ಎಂಬ ಸುವಾಸನೆಯ ಗಿಡವನ್ನು ತಿನ್ನುತ್ತದೆ.

ತೊಡಕಿರುವುದು ಕುರಿಗಳ ಮೇಯುವಿಕೆಯಲ್ಲಿ. ಕುರಿಗಳೇ ಇಲ್ಲದಿದ್ದರೆ ಜರೀಗಿಡ ಆವರಿಸುತ್ತದೆ; ಕುರಿಗಳು ಹೆಚ್ಚಾದರೆ ಹೂವೇ ಉಳಿಯುವುದಿಲ್ಲ. ನ್ಯೂ ಫಾರೆಸ್ಟ್ ಬರ್ನೆಟ್ ಎಂಬ ಪ್ರಭೇದವನ್ನೇ ನೋಡಿ: ಇಂಗ್ಲೆಂಡಿನಲ್ಲಿ 1927ರ ಹೊತ್ತಿಗೆ ಅಳಿಯಿತು, 1963ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಒಂದೇ ಒಂದು ಇಳಿಜಾರಿನಲ್ಲಿ ಸಿಕ್ಕಿತು. ಅಲ್ಲೂ ಕುರಿಗಳು ಹುಲ್ಲು ಬೋಳಿಸಿ ಪತಂಗಗಳನ್ನು ಬೆರಳೆಣಿಕೆಗೆ ಇಳಿಸಿದ್ದವು. ಬೇಲಿ ಹಾಕಿದ ಮೇಲೆ ಚೇತರಿಸಿತು. ಹಾಗೆಂದು ಬೇಲಿಯೇ ಎಲ್ಲ ಕಡೆಗೂ ಮದ್ದಲ್ಲ. ಸ್ಕಾಟ್ಲೆಂಡಿನದೇ ಮಲ್ ಮತ್ತು ಉಲ್ವಾ ದ್ವೀಪಗಳಲ್ಲಿರುವ ಸ್ಲೆಂಡರ್ ಸ್ಕಾಚ್ ಬರ್ನೆಟ್ ಪ್ರಭೇದಕ್ಕೆ ಗಿಡ್ಡ ಹುಲ್ಲೇ ಬೇಕು, ಅಂದರೆ ಹದವಾಗಿ ಮೇಯುವ ದನಕುರಿಗಳೂ ಬೇಕು.